ಮಡಿಕೇರಿ ಇಳಿಜಾರಲ್ಲಿ ತೊಟ್ಟಿ ಮನೆ: ಸ್ಲೋಪ್ ನಕ್ಷೆ ಪೂರ್ತಿ ಕೆಂಪು, ಯಾಕೆ?

ಕೊಲ್ಲಿಬದಿ
ಮಡಿಕೇರಿ ಹತ್ತಿರ ಕಾಫಿ ತೋಟದೊಳಗೆ 40 ಸೆಂಟ್ ಜಾಗ. ಐನ್‌ಮನೆ (ಕೊಡವರ ಕುಲದ ಮೂಲಮನೆ) ಥರ ನಡುವೆ ತೊಟ್ಟಿ, ಮುಂದೆ ಕಯ್ಯಾಲೆ (ಜಗಲಿ), ಮೇಲೆ ಮಂಗಳೂರು ಹಂಚು ಬೇಕು. 30 ಮೀಟರ್ ಎಸ್‌ಆರ್‌ಟಿಎಂ ಡೇಟಾ (ಬಾಹ್ಯಾಕಾಶದಿಂದ ರೇಡಾರ್‌ನಲ್ಲಿ ಅಳೆದ ನೆಲದೆತ್ತರ) ಹಾಕಿ, ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಸ್ಲೋಪ್ (ಇಳಿಜಾರು) ತೆಗೆದರೆ ಎಲ್ಲಾ ಕಡೆ 89 ಡಿಗ್ರಿ, ಪೂರ್ತಿ ಕೆಂಪು! ಇದರಿಂದಲೇ 1 ಮೀಟರ್ ಕಾಂಟೂರ್ (ಸಮ ಎತ್ತರದ ಗೆರೆ) ಎಳೆದು ಪ್ಲಾನ್ ಕೂರಿಸಬಹುದಾ? ಬೆಟ್ಟದ ಸಾಲಿನಂತೆ ಬಾಗಿದ ಮಾಡು (ಚಾವಣಿ) ಕಟ್ಟುವ ಯೋಚನೆಯೂ ಇದೆ.

ಟ್ಯೂಬ್‌ಲೆವೆಲ್
89 ಬರುವುದು ಅಳತೆಯ ಗೊಂದಲದಿಂದ. ಡೇಟಾದ ಅಡ್ಡಳತೆ ಡಿಗ್ರಿಯಲ್ಲಿದೆ, ಎತ್ತರ ಮೀಟರ್‌ನಲ್ಲಿದೆ. ವಾರ್ಪ್ (ನಕ್ಷೆಯ ಅಳತೆ ಪದ್ಧತಿ ಬದಲಿಸುವ ಆಯ್ಕೆ) ಕೊಟ್ಟು ಇಪಿಎಸ್‌ಜಿ 32643ಕ್ಕೆ, ಅಂದರೆ ಅಡ್ಡಳತೆಯೂ ಮೀಟರ್‌ನಲ್ಲಿರುವ ಪದ್ಧತಿಗೆ ಬದಲಾಯಿಸಿ, ಅದರಲ್ಲೇ ಬೈಲೀನಿಯರ್ (ಅಕ್ಕಪಕ್ಕದ ಎತ್ತರಗಳಿಂದ ಹೊಸ ಎತ್ತರ ಲೆಕ್ಕ ಹಾಕುವ ವಿಧಾನ) ಆರಿಸಿ, ಆಮೇಲೆ ಸ್ಲೋಪ್ ತೆಗೆಯಿರಿ.

ಆದರೆ ಮನೆಗೆ ಈ ಡೇಟಾ ಸಾಲದು. 40 ಸೆಂಟ್ ಅಂದರೆ ಸುಮಾರು 1,620 ಚದರ ಮೀಟರ್, ಒಂದು ಪಿಕ್ಸೆಲ್ಲೇ 900. ನಿಮ್ಮ ಜಾಗಕ್ಕೆ ಎರಡು ಪಿಕ್ಸೆಲ್ ಕೂಡ ಪೂರ್ತಿ ಸಿಗಲ್ಲ. 1 ಮೀಟರ್ ಕಾಂಟೂರ್ ಬರುತ್ತೆ, ಚೆಂದವಾಗೂ ಕಾಣುತ್ತೆ, ನಂಬಬೇಡಿ. ಮೇಲಾಗಿ ತೋಟದಲ್ಲಿ ರೇಡಾರ್ ನೋಡಿರುವುದು ಬಹುಪಾಲು ಸಿಲ್ವರ್ ಓಕ್ ಮರಗಳ ನೆತ್ತಿಯನ್ನ, ನೆಲವನ್ನಲ್ಲ.

ಆ ಡೇಟಾವನ್ನ ಮೇಲಿನ ಗುಡ್ಡ ನೋಡೋಕೆ ಇಟ್ಟುಕೊಳ್ಳಿ: ಸಿಂಕ್ (ಡೇಟಾದಲ್ಲಿನ ಸುಳ್ಳು ಗುಂಡಿ) ತುಂಬಿಸಿ, ಫ್ಲೋ ಅಕ್ಯುಮುಲೇಶನ್ (ಎಲ್ಲೆಲ್ಲಿ ಎಷ್ಟು ನೀರು ಕೂಡುತ್ತೆ ಅನ್ನೋ ಲೆಕ್ಕ) ತೆಗೆದು, ನೀರು ಯಾವ ಕೊಲ್ಲಿಗೆ (ಗುಡ್ಡದ ಹಳ್ಳಕ್ಕೆ) ಸೇರುತ್ತೆ ಅಂತ ಗುರುತಿಸಿ. ಜಾಗಕ್ಕೆ ಟೋಟಲ್ ಸ್ಟೇಷನ್ (ಸರ್ವೆ ಉಪಕರಣ) ತರಿಸಿ 3 ಮೀಟರಿಗೊಂದು ಬಿಂದು ತೆಗೆಸಿ, ಆ ಪಟ್ಟಿಯ ಸಿಎಸ್‌ವಿ ಫೈಲ್ ಹಾಕಿ ಟಿನ್ (ಬಿಂದುಗಳನ್ನ ತ್ರಿಕೋನಗಳಾಗಿ ಜೋಡಿಸಿದ ನೆಲದ ಮಾದರಿ) ಮಾಡಿ, ಅರ್ಧ ಮೀಟರ್ ಕಾಂಟೂರ್ ಎಳೆಯಿರಿ. ಮಡಿಕೇರಿ ಹತ್ತಿರ ಬಿಂದುಗಳ ಈಸ್ಟಿಂಗ್ (ಪೂರ್ವದ ಅಳತೆ) 5.8 ಲಕ್ಷ, ನಾರ್ತಿಂಗ್ (ಉತ್ತರದ ಅಳತೆ) 13.7 ಲಕ್ಷ ಮೀಟರ್‌ನ ಆಸುಪಾಸು ಇರಬೇಕು. ಕಾಲಂ ಅದಲುಬದಲಾದರೆ ಜಾಗ ಎಲ್ಲೋ ಹೋಗಿ ಕೂರುತ್ತೆ.

ರೀಪುಪಕಾಸಿ
ಬಾಗಿದ ಮಾಡು ಬಿಡಿ. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರೋಕೆ ಸಪಾಟು ಬೇಕು, ಬಾಗಿದಲ್ಲಿ ಸಂದು ಬಿಟ್ಟು ಜುಲೈ ಗಾಳಿಮಳೆಗೆ ನೀರು ಒಳಗೇ. ಬೆಟ್ಟದಿಂದ ಕಲಿಯೋದಾದರೆ ಅದರ ಆಕಾರ ಬಿಟ್ಟು ಇಳಿಜಾರನ್ನ ತಗೊಳ್ಳಿ.

ಲೆಕ್ಕ ನೋಡಿ. 15 ಡಿಗ್ರಿ ಇಳಿಜಾರಲ್ಲಿ 12 ಮೀಟರ್ ಆಳದ ಮನೆಗೆ ಹಿಂದೆ-ಮುಂದೆ 3.2 ಮೀಟರ್ ವ್ಯತ್ಯಾಸ. ಒಂದೇ ಮಟ್ಟಕ್ಕೆ ಜೆಸಿಬಿ ಹೊಡೆಸಿದರೆ ಹಿಂದೆ ಅಷ್ಟೆತ್ತರದ ಬರೆ (ಕಡಿದ ಮಣ್ಣಿನ ಗೋಡೆ). ತೆಗೆದ ಮಣ್ಣನ್ನ ಮುಂದೆ ಸಡಿಲವಾಗಿ ತಳ್ಳಿದರೆ ಮೊದಲ ಮಳೆಗಾಲದಲ್ಲೇ ಬಿರುಕು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರಲ್ಲಿ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬದಲಿಗೆ 4 ಮೀಟರಿನ ಮೂರು ಹಂತ ಮಾಡಿ: ಹಿಂದೆ ಕೋಣೆ, ನಡುವೆ ತೊಟ್ಟಿ, ಮುಂದೆ ಕಯ್ಯಾಲೆ. ಹಂತಕ್ಕೆ ಸುಮಾರು 1.05 ಮೀಟರ್, ಅಂದರೆ 15 ಸೆಂಟಿಮೀಟರಿನ ಏಳು ಮೆಟ್ಟಿಲು. ವಯಸ್ಸಾದವರಿದ್ದರೆ ಅವರ ಕೋಣೆ ಕಯ್ಯಾಲೆ ಮಟ್ಟದಲ್ಲೇ ಇರಲಿ.

ಕೊಲ್ಲಿಬದಿ
32643ಕ್ಕೆ ಹಾಕಿದ ಮೇಲೆ 14-17 ಡಿಗ್ರಿ ಬಂತು, ಥ್ಯಾಂಕ್ಸ್. ತೊಟ್ಟಿ ನೀರನ್ನ ಕಯ್ಯಾಲೆ ಅಡಿಯಿಂದ ಪೈಪಲ್ಲಿ ತಳ್ಳಬಹುದಾ?

ರೀಪುಪಕಾಸಿ
ಬೇಡ. ತೊಟ್ಟಿಗೆ ಸುರಿಯುವ ಮಾಡು 60 ಚದರ ಮೀಟರ್ ಇದ್ದರೆ, ಗಂಟೆಗೆ 100 ಮಿಲಿಮೀಟರ್ ಮಳೆಗೆ ನಿಮಿಷಕ್ಕೆ 100 ಲೀಟರ್ ನೀರು. ಅಷ್ಟನ್ನ ಪೈಪ್ ಹೊರುತ್ತೆ, ಆದರೆ ಎಲೆ ಕಟ್ಟಿ ಜಾಯಿಂಟ್ ಸೋರಿದರೆ ಮನೆ ಮುಂದೆ ತುಂಬಿದ ಮಣ್ಣು ನೆನೆಯೋದು ಗೊತ್ತೇ ಆಗಲ್ಲ. ಪಕ್ಕದಿಂದ ತೆರೆದ ಚರಂಡಿ ತೆಗೆದು, ಕಲ್ಲು ಹಾಸಿ, ಟ್ಯೂಬ್‌ಲೆವೆಲ್ ಹೇಳಿದ ಆ ಕೊಲ್ಲಿಗೇ ಸೇರಿಸಿ. ಬರೆಯ ತಲೆಯ ಮೇಲೂ ಒಂದು ಚರಂಡಿ ಬೇಕು, ಮೇ ಮುಗಿಯೋದರೊಳಗೆ.