ಹಾರ್ಲಿ ಎಕ್ಸ್440 ಬಂದ್ಮೇಲೆ ಹಳೇ ಫ್ಯಾನ್ಸ್ ದೂರ ಆಗ್ತಾರಾ?

ಪ್ರಶ್ನೆ: ಹಾರ್ಲಿ ಬೈಕ್ ಅಂದ್ರೆ ದೊಡ್ಡ ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್) ಇಂಜಿನ್, ಆ ಗುಡುಗೋ ಸೌಂಡು. 2023ರಲ್ಲಿ ಹೀರೋ ಜೊತೆ ಸೇರಿ ಒಂದೇ ಸಿಲಿಂಡರ್‌ದು ಎಕ್ಸ್440 ಬಿಟ್ರು, ಆಗ ಬೆಲೆ 2.29 ಲಕ್ಷದಿಂದ ಶುರು ಇತ್ತು. ದೊಡ್ಡ ಗಾಡಿಗೆ ಅಷ್ಟೊಂದು ದುಡ್ಡು ಸುರಿದೋರಿಗೆ ಬೇಜಾರಾಗಲ್ವಾ?

ಉತ್ತರ 1: ಗುರು, ಬೆಲೆ ಕಮ್ಮಿ ಆಗಿದ್ದು ತೊಂದ್ರೆನೇ ಅಲ್ಲ. ಅದೇ ಇಂಜಿನ್ 2024ರಲ್ಲಿ ಹೀರೋದವ್ರದ್ದೇ ಬೈಕ್ ಮ್ಯಾವ್ರಿಕ್‌ಗೂ ಬಂತು, ಅದೂ ಇನ್ನೂ ಕಮ್ಮಿ ರೇಟಿಗೆ, ಆಗ ಟ್ಯಾಂಕ್ ಮೇಲಿರೋ ಹೆಸರಿಗಷ್ಟೇ ದುಡ್ಡು ಕೊಟ್ಟಂಗೆ ಅನ್ಸತ್ತೆ, ಅಭಿಮಾನ ಸಡಿಲ ಆಗೋದು ಅಲ್ಲೇ.

ಉತ್ತರ 2: ಪೋರ್ಶೆ 2002ರಲ್ಲಿ ಕಯೆನ್ ಎಸ್‌ಯುವಿ ತಂದಾಗ್ಲೂ ಇದೇ ಗಲಾಟೆ. ಆದ್ರೆ ಅದ್ರ ಲಾಭದಿಂದ ಕಂಪನಿ ಗಟ್ಟಿ ಆಯ್ತು, ತನ್ನ ಹಳೇ ಸ್ಪೋರ್ಟ್ಸ್ ಕಾರು 911ನ ಕೈಬಿಡ್ಲಿಲ್ಲ ನೋಡಿ.

ಉತ್ತರ 3: ನಿಜ ಸರ್, ಆದ್ರೆ ಮರ್ಸಿಡಿಸ್ 2017ರಲ್ಲಿ ನಿಸಾನ್ ನವಾರಾ ಪಿಕಪ್ಪನ್ನೇ ತಿದ್ದಿ ತನ್ನ ಸ್ಟಾರ್ ಲೋಗೋ ಹಾಕಿ ಎಕ್ಸ್-ಕ್ಲಾಸ್ ಅಂತ ತಂತು, ಜನ ತಗೊಳ್ಲಿಲ್ಲ, 2020ಕ್ಕೇ ನಿಲ್ಸಿಬಿಟ್ರು.