ಮೊದಲ ಸಲ ಇಲಿಗಳನ್ನು ಷೋಗೆ ಕರೆದುಕೊಂಡು ಹೋಗುತ್ತಿದ್ದೇವೆ, ಏನೇನು ನೋಡಿಕೊಳ್ಳಬೇಕು?

ರೀಡಿಂಗ್_ರಾಗಿಮುದ್ದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಮಗಳಿಗೆ ಹತ್ತು ವರ್ಷ. ನಾಯಿ ಬೇಕು ಅಂತ ಎರಡು ವರ್ಷ ಅತ್ತಳು, ಬಾಡಿಗೆ ಮನೆಯವರು ಒಪ್ಪಲಿಲ್ಲ, ಕೊನೆಗೆ ಮನೆಗೆ ಬಂದಿದ್ದು ಎರಡು ಇಲಿ. ಹೌದು, ಇಲಿಯೇ, ಹ್ಯಾಮ್‌ಸ್ಟರ್ ಅಲ್ಲ. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ, ವಿಡಿಯೋ ಕಾಲ್ ಬಂದರೆ ಪಂಜರದ ಮೇಲೆ ದುಪಟ್ಟಾ ಹಾಕಿಬಿಡುತ್ತೇನೆ.

ಎರಡೂ ಹೆಣ್ಣು, ಅಕ್ಕತಂಗಿ, ಎಂಟು ತಿಂಗಳು. ಚಕ್ಲಿಗೆ ತಲೆ, ಭುಜ ಕಪ್ಪು, ಬೆನ್ನ ಮೇಲೆ ಒಂದು ಪಟ್ಟೆ, ಮಿಕ್ಕಿದ್ದು ಬಿಳಿ. ಕೋಡುಬಳೆ ಪೂರ್ತಿ ಕಂದು, ನಮ್ಮೂರಿನ ಚರಂಡಿ ಇಲಿ ತರಾನೇ ಇದ್ದಾಳೆ ಪಾಪ. ಮುಂದಿನ ತಿಂಗಳು ಇಲ್ಲಿಂದ ಒಂದು ಗಂಟೆ ದೂರದ ಹಳ್ಳಿಯ ಹಾಲ್‌ನಲ್ಲಿ ಷೋ, ಅಂದರೆ ಸಾಕಿದ ಇಲಿಗಳ ಸ್ಪರ್ಧೆ, ಇದೆ ಅಂತ ಮಗಳು ಕಂಡುಹಿಡಿದಿದ್ದಾಳೆ. ಫಾರ್ಮ್ ನೋಡಿದರೆ ತಲೆ ತಿರುಗುತ್ತದೆ, ಬಣ್ಣಕ್ಕೊಂದು ಕ್ಲಾಸ್ (ಸ್ಪರ್ಧೆಯ ವಿಭಾಗ), ಕಿವಿಗೊಂದು ಕ್ಲಾಸ್. ನಮ್ಮವು ಅಂಗಡಿಯಿಂದ ತಂದ ಇಲಿಗಳು, ಸುಮ್ನೆ ಹೋಗಿ ನಗೆಪಾಟಲಾಗುತ್ತೇವಾ? ಸ್ನಾನ ಮಾಡಿಸಬೇಕಾ? ಇನ್ನೊಂದು, ಇಬ್ಬರಿಗೂ ಹಲ್ಲು ಹಳದಿ ಅಂದ್ರೆ ಹಳದಿ, ಹೆಚ್ಚುಕಮ್ಮಿ ಕಿತ್ತಳೆ ಬಣ್ಣ. ಉಜ್ಜೋದು ಹೇಗೆ?

ಬಾಲದ_ಕೊನೆ

ಮೊದಲು ಹಲ್ಲಿನ ವಿಷಯ ಮುಗಿಸಿಬಿಡೋಣ. ಉಜ್ಜಬೇಡಿ! ದೊಡ್ಡ ಇಲಿಯ ಮುಂದಿನ ಹಲ್ಲು ಇರಬೇಕಾದದ್ದೇ ಹಾಗೆ, ಹೊರಗಿನ ಪದರದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಆ ಬಣ್ಣ. ಬೆಳ್ಳಗಾದರೆ ಚಿಂತೆ ಮಾಡಬೇಕು.

ನಾನು ಏಳು ವರ್ಷದಿಂದ ಹೋಗುತ್ತಿದ್ದೇನೆ, ಮೊದಲ ಸಲ ನಾನೂ ಇದೇ ಕೇಳಿದ್ದೆ. ಮೊದಲ ಷೋಗೆ ಪೆಟ್ ಕ್ಲಾಸ್ ಸಾಕು. ಅಲ್ಲಿ ಬಣ್ಣ, ಪಟ್ಟೆ ಯಾವುದೂ ಲೆಕ್ಕಕ್ಕಿಲ್ಲ. ಇಲಿ ಆರೋಗ್ಯವಾಗಿದೆಯಾ, ಚೊಕ್ಕಟವಾಗಿದೆಯಾ, ಗುರುತಿಲ್ಲದವರ ಕೈಗೆ ಹೆದರದೆ ಬರುತ್ತದಾ, ಅಷ್ಟೇ. ನಿಮ್ಮ ಚಕ್ಲಿಯಂಥವರಿಗೆ ಇಲ್ಲಿ ಹುಡೆಡ್ ಅಂತಾರೆ. ಹುಡೆಡ್ ಕ್ಲಾಸಿನಲ್ಲಿ ಬೆನ್ನಿನ ಪಟ್ಟೆ ನೆಟ್ಟಗೆ, ಎಲ್ಲೂ ತುಂಡಾಗದೆ ಬಾಲದವರೆಗೆ ಹೋಗಿರಬೇಕು. ಅದಕ್ಕಾಗಿಯೇ ತಲೆಮಾರುಗಟ್ಟಲೆ ಮರಿ ಮಾಡಿಸಿದವರು ಬಂದಿರುತ್ತಾರೆ, ಅವರ ಮುಂದೆ ಅಂಗಡಿ ಇಲಿ ಗೆಲ್ಲುವುದು ಕಷ್ಟ. ಕೋಡುಬಳೆಯ ಬಣ್ಣ ಅಗೂಟಿ, ಅದನ್ನು ಬೈಯಬೇಡಿ. ಕೂದಲನ್ನು ಬಿಡಿಸಿ ಬೆಳಕಿಗೆ ನೋಡಿ, ಬುಡ ಬೂದು, ತುದಿ ಕಂದು, ನಡುನಡುವೆ ಕಪ್ಪು ಕೂದಲು. ಚರಂಡಿ ಬಣ್ಣ ಅಂತ ನಾವು ಅನ್ನುವುದಕ್ಕೂ ಇಲ್ಲಿ ಒಂದು ಕ್ಲಾಸ್ ಇದೆ.

ಸ್ನಾನ ಬೇಡ, ಮೈಯ ಎಣ್ಣೆ ಹೋಗಿ ಕೂದಲು ಹರಡಿಕೊಳ್ಳುತ್ತದೆ, ಮೇಲಾಗಿ ಚಳಿ. ಬಾಲ ಮಾತ್ರ ತೊಳೆಯಿರಿ. ಎಲ್ಲರೂ ಮರೆಯುವುದು ಅದನ್ನೇ. ಮೆತ್ತನೆಯ ಹಳೇ ಟೂತ್‌ಬ್ರಷ್, ಉಗುರುಬೆಚ್ಚಗಿನ ನೀರು, ಒಂದು ಹನಿ ಬೇಬಿ ಶಾಂಪೂ. ಬುಡದಿಂದ ತುದಿಯ ಕಡೆಗೇ ಉಜ್ಜಬೇಕು. ಬಾಲದ ಮೇಲಿನ ಪೊರೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ತಿರುಗಾಮುರುಗಾ ಉಜ್ಜಿದರೆ ನೋವಾಗುತ್ತದೆ. ತುದಿ ಹಿಡಿದು ಎತ್ತಲೇಬೇಡಿ, ಚರ್ಮವೇ ಕಳಚಿ ಬರುವುದುಂಟು. ಷೋಗೆ ಎರಡು ಮೂರು ದಿನ ಮುಂಚೆ ಒಂದು ಸಲ, ಹಿಂದಿನ ರಾತ್ರಿ ಒಂದು ಸಲ ಮಾಡಿ. ಉಗುರು ಚೂಪಾಗಿದ್ದರೆ ನೀರಿನ ಬಾಟಲಿಯ ಕೆಳಗೆ ಒಂದು ಒರಟು ಕಲ್ಲು ಇಡಿ, ಕುಡಿಯಲು ಹತ್ತಿ ಇಳಿದು ತಾನೇ ಸವೆಯುತ್ತದೆ.

ಈಗಿಂದಲೇ ಒಂದು ಅಭ್ಯಾಸ ಮಾಡಿಸಿ. ಮನೆಗೆ ಬಂದವರ ಕೈಗೆಲ್ಲಾ ಕೊಡಿ (ಕಿರುಚದವರ ಕೈಗೆ). ಅಲ್ಲಿ ಜಡ್ಜ್ ಎತ್ತಿ, ಹೊಟ್ಟೆ ತಿರುಗಿಸಿ, ಹಲ್ಲು ನೋಡಿ, ಕಿವಿ ನೋಡಿ, ಬಾಲದ ಉದ್ದಕ್ಕೂ ಬೆರಳು ಎಳೆಯುತ್ತಾರೆ.

ಲೀಡ್ಸ್_ಲಂಬೂ

ಅಕ್ಕಾ, ಮೇಲೆ ಹೇಳಿದ್ದೆಲ್ಲ ಸರಿ. ನಾನು ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಮೊದಲ ಷೋಗೆ ನಮ್ಮ ಗಂಡು ಇಲಿ ಬೋಂಡನನ್ನು ಕರೆದುಕೊಂಡು ಬೆಳಗ್ಗೆ ಆರಕ್ಕೆ ಹೊರಟಿದ್ದೆ. ಹಿಂದಿನ ರಾತ್ರಿ ಎರಡು ಸಲ ಸೀನಿದ್ದ. ಧೂಳಿರಬೇಕು ಅಂದುಕೊಂಡೆ. ಕಾರಲ್ಲಿ ನೋಡಿದರೆ ಮೂಗಿನ ಹತ್ತಿರ ಕೆಂಪು, ಟಿಶ್ಯೂನಲ್ಲಿ ಒರೆಸಿದೆ, ಹೋಯಿತು. ಹಾಲ್ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದರು, ಪ್ರತಿ ಇಲಿಯನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಉಸಿರು ಕೇಳುತ್ತಿದ್ದರು. ನಮ್ಮವನನ್ನು ಹಿಡಿದರು, ಒಂದು ನಿಮಿಷ ಸುಮ್ಮನಿದ್ದರು, ಆಮೇಲೆ ಬಹಳ ಮೆತ್ತಗೆ, ಇವನನ್ನು ಒಳಗೆ ಬಿಡಲಾಗುವುದಿಲ್ಲ ಅಂದರು. ಅಷ್ಟು ದೂರ ಬಂದು ಕಾರ್ ಪಾರ್ಕಿನಿಂದಲೇ ವಾಪಸ್. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸೋಮವಾರ ಡಾಕ್ಟರ್ ಹತ್ತಿರ ಹೋದರೆ ಶ್ವಾಸಕೋಶದ ಸೋಂಕು, ಎರಡು ವಾರ ಔಷಧಿ.

ಆ ಕೆಂಪು ರಕ್ತವಲ್ಲ, ಪಾರ್ಫಿರಿನ್ ಅಂತ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುತ್ತದೆ. ಸುಸ್ತಾದಾಗ, ಹೆದರಿದಾಗ, ಕಾಯಿಲೆ ಬಂದಾಗ ಜಾಸ್ತಿ. ನಮ್ಮ ಇಲಿ ಸೀನಿದರೆ ಧೂಳು, ಪಕ್ಕದವರದ್ದು ಸೀನಿದರೆ ರೋಗ ಅಂತ ಅಂದುಕೊಳ್ಳುತ್ತೇವೆ, ತಟ್ಟೆಯ ಹೆಗ್ಗಣದ ಗಾದೆಯ ಹಾಗೆ. ಅಲ್ಲಿ ನೂರಾರು ಇಲಿ ಒಂದೇ ಗಾಳಿ ಉಸಿರಾಡುತ್ತಿರುತ್ತವೆ, ಒಂದರಿಂದ ಎಲ್ಲರ ಮನೆಗೂ ಹೋಗುತ್ತದೆ. ಹೇನು, ಗಾಯದ ಹಕ್ಕಳೆ ಇದ್ದರೂ ಮನೆಯಲ್ಲೇ ಇರಲಿ. ಷೋಗೆ ಎರಡು ವಾರ ಮೊದಲಿಂದ ಹೊಸ ಇಲಿ ತರಬೇಡಿ, ಬಂದ ಮೇಲೂ ಎರಡು ವಾರ ತರಬೇಡಿ. ಅಲ್ಲಿ ಬೇರೆಯವರ ಟ್ಯಾಂಕಿಗೆ (ಷೋನಲ್ಲಿ ಇಲಿಯನ್ನು ಇಡುವ ಪೆಟ್ಟಿಗೆ) ಬೆರಳು ಹಾಕಬೇಡಿ ಅಂತ ಮಗಳಿಗೆ ಈಗಲೇ ಹೇಳಿಡಿ. ಅದೇ ಅತಿ ಕಷ್ಟದ ಕೆಲಸ.

ಹುಬ್ಬಳ್ಳಿ_ಮಿರ್ಚಿ

ಅಲ್ರೀ, ನಾವಿಲ್ಲಿ ಇಲಿ ಹಿಡಿಯಾಕ ಬೋನು ಇಡ್ತೀವಿ, ನೀವಲ್ಲಿ ಅದಕ್ಕ ಶಾಂಪೂ ಹಾಕ್ತೀರಲ್ಲ! ತಮಾಷಿ ಬಿಡ್ರಿ. ಖರೇನ ಕೇಳ್ತೀನಿ, ಇಲಿ ಜ್ವರ ಬರೂದಿಲ್ಲೇನು? ಈ ಷೋ ಶುರು ಮಾಡಿದ ಪುಣ್ಯಾತ್ಮರು ಯಾರು?

ಬಾಲದ_ಕೊನೆ

ಮಿರ್ಚಿ ಸರ್, ಒಳ್ಳೆ ಪ್ರಶ್ನೆ. ಊರಲ್ಲಿ ಇಲಿ ಜ್ವರ ಬರುವುದು ಹೆಚ್ಚಾಗಿ ಕಾಡು ಇಲಿಗಳ ಮೂತ್ರ ಸೇರಿದ ಮಳೆನೀರು, ಗದ್ದೆ ನೀರಿನಿಂದ. ತಲೆಮಾರುಗಳಿಂದ ಮನೆಯೊಳಗೇ ಹುಟ್ಟಿ ಬೆಳೆದ ಇಲಿಯಲ್ಲಿ ಅದರ ಭಯ ಬಹಳ ಕಡಿಮೆ. ಆದರೆ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2013ರಲ್ಲಿ ಇಲ್ಲೇ ಬ್ರಿಟನ್ನಿನಲ್ಲಿ ಸಾಕಿದ ಇಲಿಗಳಲ್ಲಿ ಸಿಯೋಲ್ ಹಂಟಾವೈರಸ್ (ಇಲಿಗಳಿಂದ ಮನುಷ್ಯರಿಗೂ ತಗುಲುವ ವೈರಸ್) ಸಿಕ್ಕಿತ್ತು, 2017ರಲ್ಲಿ ಅಮೆರಿಕದಲ್ಲಿ ಇಲಿ ಸಾಕುವವರಿಗೇ ಅದು ತಗುಲಿತು. ಪಂಜರ ತೊಳೆದ ಮೇಲೆ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ.

ಷೋ ಶುರುವಾದ ಕಥೆ ರೀಡಿಂಗ್ ಅಕ್ಕನಿಗೆ ಹತ್ತಿರದ್ದೇ. ಇಲ್ಲಿ ಮೊದಲಿದ್ದದ್ದು ಸುಂಡಿಲಿ ಸಾಕುವವರ ಕ್ಲಬ್, 1895ರದ್ದು. ಮೇರಿ ಡಗ್ಲಸ್ ಅನ್ನುವ ಹೆಂಗಸು ದೊಡ್ಡ ಇಲಿಗಳಿಗೂ ಜಾಗ ಕೊಡಿ ಅಂತ ಅವರನ್ನು ಕೇಳಿ ಒಪ್ಪಿಸಿದರು. 1901ರಲ್ಲಿ ಏಲ್ಸ್‌ಬರಿಯಲ್ಲಿ ಇಲಿಗಳಿಗೆ ಮೊದಲ ಕ್ಲಾಸ್ ನಡೆಯಿತು, ಅವರದೇ ಇಲಿ ಗೆದ್ದಿತು. ಅವರು 1921ರಲ್ಲಿ ತೀರಿಕೊಂಡ ಮೇಲೆ ಉತ್ಸಾಹ ಇಳಿಯಿತು. ಬರೀ ಇಲಿಗಳಿಗೆ ಅಂತ ನ್ಯಾಷನಲ್ ಫ್ಯಾನ್ಸಿ ರ‍್ಯಾಟ್ ಸೊಸೈಟಿ ಹುಟ್ಟಿದ್ದು 1976ರಲ್ಲಿ.

ಅಕ್ಕಾ, ಟ್ಯಾಂಕ್ ಬಗ್ಗೆ ಹೇಳುವುದು ಮರೆತೆ. ಬಣ್ಣ, ಪಟ್ಟೆ ನೋಡುವ ವೆರೈಟಿ ಕ್ಲಾಸುಗಳಲ್ಲಿ ಎಲ್ಲರದ್ದೂ ಒಂದೇ ನಮೂನೆಯ ಟ್ಯಾಂಕ್, ಮೇಲೆ ನಂಬರ್ ಚೀಟಿ ಮಾತ್ರ. ಯಾರ ಇಲಿ ಅಂತ ಜಡ್ಜ್‌ಗೆ ಗೊತ್ತಾಗಬಾರದಲ್ಲ. ಪೆಟ್ ಕ್ಲಾಸಿಗೆ ಎಂಥ ಟ್ಯಾಂಕ್ ನಡೆಯುತ್ತದೆ ಅಂತ ಹೆಸರು ಕೊಡುವಾಗಲೇ ಕೇಳಿಬಿಡಿ. ನೀರಿನ ಬಾಟಲಿ ಕಾರಲ್ಲಿ ಸೋರಿ ಹಾಸಿಗೆಯೆಲ್ಲ ಒದ್ದೆಯಾಗುತ್ತದೆ, ಬದಲಿಗೆ ಸೌತೆಕಾಯಿಯ ಒಂದು ದಪ್ಪ ಹೋಳು ಹಾಕಿ. ಬಿಸಿಲಿದ್ದರೆ ಇಲಿಗಳನ್ನು ಕಾರಲ್ಲಿ ಐದು ನಿಮಿಷವೂ ಬಿಡಬೇಡಿ. ಅವು ನಮ್ಮ ಹಾಗೆ ಬೆವರುವುದಿಲ್ಲ, ಮುಖ್ಯವಾಗಿ ಬಾಲದಿಂದ ಮೈ ಬಿಸಿ ಹೊರಹಾಕಬೇಕು.

ರೀಡಿಂಗ್_ರಾಗಿಮುದ್ದೆ

ಹೋಗಿ ಬಂದೆವು! ಬರೆಯುವುದಕ್ಕೆ ತಡವಾಯಿತು, ಕ್ಷಮಿಸಿ.

ಮೊದಲು ಹೇಳಿದ್ದ ಷೋಗೆ ಹೋಗಲೇ ಇಲ್ಲ. ಹಿಂದಿನ ದಿನ, ಶುಕ್ರವಾರ ರಾತ್ರಿ, ಕೋಡುಬಳೆ ಮೂರು ಸಲ ಸೀನಿದಳು. ಬೋಂಡನ ಕಥೆ ನೆನಪಾಯಿತು. ಮಗಳು ಅತ್ತಳು, ಆಮೇಲೆ ತಾನೇ "ಅವಳು ಮನೇಲಿರಲಿ ಅಮ್ಮ" ಅಂದಳು. ಒಟ್ಟಿಗೇ ಇರುವವರು, ಚಕ್ಲಿಯನ್ನೂ ಬಿಡುವುದೇ ಅಂತ ಯೋಚನೆಯಾಗಿ ಷೋ ನಡೆಸುವವರಿಗೆ ಫೋನ್ ಮಾಡಿದೆ. ಅವಳನ್ನೂ ತರಬೇಡಿ ಅಂದರು. ಹಾಗಾಗಿ ಆ ಷೋ ತಪ್ಪಿತು. ಕೋಡುಬಳೆ ಎರಡು ದಿನದಲ್ಲಿ ಸರಿಹೋದಳು, ಡಾಕ್ಟರ್ ಏನೂ ಇಲ್ಲ ಅಂದರು, ಹೊಟ್ಟೆ ಉರಿಯಿತು. ಕಳೆದ ಶನಿವಾರ ಬೇರೆ ಕಡೆಯ ಷೋಗೆ ಇಬ್ಬರನ್ನೂ ಕರೆದುಕೊಂಡು ಹೋದೆವು.

ಇಷ್ಟು ನಿಶ್ಶಬ್ದವಾಗಿರುತ್ತದೆ ಅಂದುಕೊಂಡಿರಲಿಲ್ಲ. ಉದ್ದ ಟೇಬಲ್ಲುಗಳು, ಬಿಳಿ ಕೋಟು ಹಾಕಿದ ಜಡ್ಜ್, ಪಕ್ಕದಲ್ಲಿ ಬರೆದುಕೊಳ್ಳುವವರು. ಚಕ್ಲಿ ಜಡ್ಜ್ ತೋಳಿನ ಮೇಲೆ ಹತ್ತಿ, ಭುಜದವರೆಗೆ ಹೋಗಿ, ಅಲ್ಲೇ ಮೂತ್ರ ಮಾಡಿದಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವರು ತೋಳನ್ನು ನೋಡಲೂ ಇಲ್ಲ. ಕೋಡುಬಳೆ ಎಲ್ಲರಿಗೂ ಕೈ ನೆಕ್ಕಿ ನೆಕ್ಕಿ ಪೆಟ್ ಕ್ಲಾಸಿನಲ್ಲಿ ಮೂರನೆಯವಳಾದಳು, ಚರಂಡಿ ಬಣ್ಣದವಳು!

ಬಹುಮಾನಕ್ಕೆ ಕೊಟ್ಟ ರಿಬ್ಬನ್ ಹೂವನ್ನು ಮಗಳು ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿಬಿಟ್ಟಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಹೆಣ್ಣೇ ತಾನೆ? ಸರಿಯಾಗಿ ನೋಡಿದ್ದೀಯಾ?" ಅಂದರು.

ಬಾಲದ_ಕೊನೆ

ಭೇಷ್! ಅಮ್ಮ ಕೇಳಿದ್ದು ಸರಿಯಾಗಿದೆ. ಜಡ್ಜ್ ಬರೆದುಕೊಟ್ಟ ಚೀಟಿಯಲ್ಲಿ ಏನಿತ್ತು? ಮುಂದಿನ ಸಲಕ್ಕೆ ಅದೇ ಮುಖ್ಯ.

ರೀಡಿಂಗ್_ರಾಗಿಮುದ್ದೆ

ಕೋಡುಬಳೆಗೆ "ಬಹಳ ಸ್ನೇಹದ ಹುಡುಗಿ, ಬಾಲ ಚೊಕ್ಕಟ". ಚಕ್ಲಿಗೆ "ಒಳ್ಳೆ ಕಣ್ಣು, ಸ್ವಲ್ಪ ದಪ್ಪ". ಕಡಲೆಬೀಜ ನಿಲ್ಲಿಸಿದ್ದೇವೆ. ಅವಳಿನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.