ರಕ್ತದ ಸೆರೊಟೋನಿನ್ ಪರೀಕ್ಷೆಯಿಂದ ಖಿನ್ನತೆ ತಿಳಿಯುತ್ತದೆಯೇ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ಅತ್ತಿಗೆಗೆ ಖಿನ್ನತೆಯಿದೆಯೆಂದು ಮನೋವೈದ್ಯರು ಎಸಿಟಲೋಪ್ರಾಮ್ ಬರೆದುಕೊಟ್ಟಿದ್ದಾರೆ. ವಾರ ಕಳೆದರೂ ಗುಣ ಕಂಡಿಲ್ಲ. ಮೆದುಳಿನಲ್ಲಿ ಸೆರೊಟೋನಿನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಕಡಿಮೆಯಾಗಿರಬೇಕು, ರಕ್ತಪರೀಕ್ಷೆ ಮಾಡಿಸಿ ಎಂದು ಬಂಧುಗಳೊಬ್ಬರು ಒತ್ತಾಯಿಸುತ್ತಿದ್ದರೆ, ಅದರ ಕೊರತೆಯಿಂದ ಖಿನ್ನತೆ ಬರುತ್ತದೆಂಬ ಸಿದ್ಧಾಂತವೇ ಸುಳ್ಳೆಂದು 2022ರಲ್ಲಿ ಸಾಬೀತಾಗಿದೆ, ಮಾತ್ರೆ ನಿಲ್ಲಿಸಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಔಷಧಶಾಸ್ತ್ರ ಬೋಧಕ, ಚಿತ್ರದುರ್ಗ):
ಆ ಪರೀಕ್ಷೆಗೆ ಹಣ ಸುರಿಯಬೇಡಿ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಕರುಳಿನಲ್ಲಿರುತ್ತದೆ, ರಕ್ತದಲ್ಲಿ ಸಿಗುವುದು ಬಹುಪಾಲು ಅಲ್ಲಿಂದ ಬಂದು ಪ್ಲೇಟ್‌ಲೆಟ್‌ಗಳಲ್ಲಿ ಸೇರಿಕೊಂಡದ್ದು. ರಕ್ತಕ್ಕೂ ಮೆದುಳಿಗೂ ನಡುವಿನ ತಡೆಯನ್ನು ಅದು ದಾಟುವುದಿಲ್ಲವಾದ್ದರಿಂದ, ರಕ್ತದ ಅಂಕಿ ಮೆದುಳಿನ ಸ್ಥಿತಿಯನ್ನು ಹೇಳಲಾರದು. ಸೆರೊಟೋನಿನ್ ಸ್ರವಿಸಬಲ್ಲ ಕಾರ್ಸಿನಾಯ್ಡ್ ಎಂಬ ಗಡ್ಡೆಯ ಶಂಕೆಯಿದ್ದಾಗ ಆ ಪರೀಕ್ಷೆಯ ಉಪಯೋಗವೇ ಬೇರೆ.

ಕೊರತೆಯ ಊಹೆ ಹುಟ್ಟಿದ್ದು 1950ರ ದಶಕದ ಅನುಭವಗಳಿಂದ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನು ರಕ್ತದೊತ್ತಡಕ್ಕೆ ಕೊಟ್ಟಾಗ ಕೆಲವರು ಮಂಕಾದರು. ಕ್ಷಯಕ್ಕೆ ಕೊಟ್ಟ ಇಪ್ರೋನಿಯಾಜಿಡ್‌ನಿಂದ ಕೆಲವರು ಉಲ್ಲಸಿತರಾದರು. ಮೊದಲನೆಯದು ಸೆರೊಟೋನಿನ್ ಮೊದಲಾದ ನರವಾಹಕಗಳನ್ನು ಬರಿದಾಗಿಸುತ್ತದೆ, ಎರಡನೆಯದು ಅವುಗಳ ವಿಘಟನೆಯನ್ನು ತಡೆಯುತ್ತದೆ ಎಂದು ತಿಳಿದ ಮೇಲೆ ಕೊರತೆಯೇ ಖಿನ್ನತೆಯ ಕಾರಣವೆಂಬ ತರ್ಕ ಸುಲಭವಾಗಿ ಹೊಂದಿಕೊಂಡಿತು, ಸ್ವಲ್ಪ ಅತಿ ಸುಲಭವಾಗಿಯೇ. ಏಕೆಂದರೆ ಸೆರೊಟೋನಿನ್ ತಯಾರಿಕೆಗೆ ಬೇಕಾದ ಟ್ರಿಪ್ಟೊಫ್ಯಾನ್ ಅನ್ನು ಆಹಾರದಲ್ಲಿ ತಗ್ಗಿಸಿದರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ಖಿನ್ನತೆ ಬರುವುದಿಲ್ಲ; ಈ ಬಗೆಯ ಮಾತ್ರೆಗಳಿಂದ ಚೇತರಿಸಿಕೊಂಡ ಹಲವರಲ್ಲಿ ಮಾತ್ರ ಅದು ತಾತ್ಕಾಲಿಕವಾಗಿ ಮರಳುತ್ತದೆ. ಸೆರೊಟೋನಿನ್‌ಗೆ ಪಾತ್ರವಿದೆ, ಆದರೆ ಅದು ಬರಿಯ ಏರಿಳಿತದ ಲೆಕ್ಕವಲ್ಲ.

ಉತ್ತರ 2 (ಮನೋವೈದ್ಯ ವಿಭಾಗದ ಶುಶ್ರೂಷಕಿ, ದಾವಣಗೆರೆ):
ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿದ 2022ರ ವಿಮರ್ಶೆ ಸೆರೊಟೋನಿನ್ ಕೊರತೆಗೆ ಸ್ಥಿರವಾದ ಪುರಾವೆಯಿಲ್ಲ ಎಂದಿತೇ ಹೊರತು, ಮಾತ್ರೆ ಫಲಕಾರಿಯೇ ಎಂಬುದನ್ನು ಅದು ಪರೀಕ್ಷಿಸಲೇ ಇಲ್ಲ. 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಖಿನ್ನತೆಯ 21 ಔಷಧಗಳೂ ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲೆನಿಸಿದವು, ಅಂತರ ಸಾಧಾರಣವಾದರೂ. ಮಾತ್ರೆ ನರಕೋಶಗಳ ನಡುವಿನ ಸೆರೊಟೋನಿನ್ ಅನ್ನು ಕೆಲವೇ ಗಂಟೆಗಳಲ್ಲಿ ಹೆಚ್ಚಿಸಿದರೂ, ನರಕೋಶಗಳ ಹೊಂದಾಣಿಕೆ ನಿಧಾನವಾಗಿ ನಡೆಯುವುದರಿಂದಲೋ ಏನೋ, ಗುಣ ಕಾಣಲು 2ರಿಂದ 4 ವಾರ ಬೇಕಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ಕಿರಿಕಿರಿ ಬರಬಹುದು. ಸಾಯುವ ಮಾತೇನಾದರೂ ಆಡಿದರೆ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಂಡಿನೋವಿಗೆ ಅತ್ತಿಗೆ ಟ್ರಮಡಾಲ್ ಕೂಡ ತೆಗೆದುಕೊಳ್ಳುತ್ತಾರೆ. ತೊಂದರೆಯಿದೆಯೇ?

ಉತ್ತರ 1:
ಇದೆ, ಇಂದೇ ವೈದ್ಯರಿಗೆ ತಿಳಿಸಿ. ಎರಡೂ ಸೆರೊಟೋನಿನ್ ಪ್ರಭಾವವನ್ನು ಹೆಚ್ಚಿಸುವುದರಿಂದ ಅಪರೂಪಕ್ಕೆ ನಡುಕ, ವಿಪರೀತ ಬೆವರು, ಜ್ವರ, ಗೊಂದಲ ಒಟ್ಟಾಗಿ ಕಾಣಿಸಿಕೊಳ್ಳಬಹುದು. ಹಾಗಾದರೆ ತುರ್ತು ಚಿಕಿತ್ಸೆ ಬೇಕು.